ಬಿಳಿ ಅನ್ನದ ಬೋರ್ಡಿಂಗ್

ಆ ಹುಡುಗಿಗೆ ನಾನು ಹೊಡೆದೆ. ಮೊದಲು ಅದನ್ನೇ ಬರೆಯಬೇಕು. ಮುಂದೆ ಬೇರೆಯವರ ಮೇಲಿನ ಸಿಟ್ಟನ್ನೆಲ್ಲ ಬರೆಯುವವಳಿದ್ದೇನೆ. ನನ್ನ ಪಾಲಿನದನ್ನು ಮರೆಮಾಚಿದರೆ ಈ ಬರಹ ಸುಳ್ಳಾಗುತ್ತದೆ.

ಎರಡನೆಯ ದೊಡ್ಡ ಯುದ್ಧ ಸುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಶಿಕ್ಷಕಿಯರಾಗಲು ಧಾರವಾಡಕ್ಕೆ ಬರುವ ಹಳ್ಳಿಯ ಹುಡುಗಿಯರಿಗಾಗಿ ನಮ್ಮ ಸಮಾಜದವರು ಒಂದು ಬೋರ್ಡಿಂಗ್ ನಡೆಸುತ್ತಿದ್ದರು. ನಾನು ಅಲ್ಲಿ ಮೇಲ್ವಿಚಾರಕಿ. ನಲವತ್ತೆರಡು ಹುಡುಗಿಯರು, ಒಬ್ಬ ಅಡಿಗೆಯಾಕೆ, ನೀರು ಸೇದುವ ಒಬ್ಬ ಮುದುಕಿ. ಎರಡು ಓಣಿ ಆಚೆ ನನ್ನ ಮನೆ. ಬೆಳಿಗ್ಗೆ ಹೋದರೆ ಹುಡುಗಿಯರ ಸಂಜೆಯ ಊಟ ಮುಗಿಸಿ ಬರುತ್ತಿದ್ದೆ.

ಪುಷ್ಯ ಮಾಸದ ಒಂದು ರವಿವಾರ ಅವರನ್ನು ಕೆಲಗೇರಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ಆಡಿ, ಹಾಡಿ, ತಿರುಗಿ ಹೊರಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಎಲ್ಲರೂ ಸಾಲಾಗಿ ನಡೆದರು. ಹೆಬ್ಬಳ್ಳಿಯ ಹುಡುಗಿ ಮಾತ್ರ ಕೆರೆಯ ಮೆಟ್ಟಿಲ ಮೇಲೆ ನಿಂತೇಬಿಟ್ಟಳು.

"ಬಾ ಲಗೂ" ಎಂದೆ.

"ಬರ್ತೇನ್ರಿ ಅಕ್ಕಾರ" ಎಂದಳು. ಕಾಲು ಮಾತ್ರ ಎತ್ತಲಿಲ್ಲ.

ಪ್ರಾರ್ಥನೆಗೆ ತಡವಾಗುತ್ತಿತ್ತು. ಎರಡು ಸಲ ಕೂಗಿದೆ, ಮೂರನೆಯ ಸಲ ಹೋಗಿ ಬೆನ್ನ ಮೇಲೆ ಒಂದು ಏಟು ಹಾಕಿದೆ. ಆಕೆ ಹೆದರಿ ಕಾಲು ಮುಂದಿಟ್ಟಳು. ಮೆಟ್ಟಿಲು ಇದ್ದದ್ದು ಎಡಕ್ಕೆ. ಆಕೆ ಹೆಜ್ಜೆ ಇಟ್ಟದ್ದು ಬಲಕ್ಕೆ. ಕಲ್ಲಿನ ಮೇಲೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಮರುದಿನ ಡಾಕ್ಟರಬಾಯಿಯವರು ಬಂದು ಕೈಗೆ ಪಟ್ಟಿ ಕಟ್ಟಿದರು. ಕಟ್ಟುತ್ತ ಕಟ್ಟುತ್ತ ಹುಡುಗಿಯ ಮುಖ ನೋಡಿದವರು ಕೆಲಸ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಆಕೆಯನ್ನು ತಿರುಗಿಸಿ ಕಣ್ಣರೆಪ್ಪೆ ಎಳೆದರು. ಕಣ್ಣಿನ ಬಿಳಿಯ ಭಾಗದಲ್ಲಿ ಸಾಬೂನಿನ ನೊರೆ ಅಂಟಿ ಒಣಗಿದಂಥ ಕಲೆ. ಆ ಹುಡುಗಿಯ ಮುಖವನ್ನು ನಾನು ದಿನಾ ನೋಡುತ್ತಿದ್ದೆ. ಅದನ್ನು ಒಂದು ದಿನವೂ ಕಂಡಿರಲಿಲ್ಲ.

"ಸಂಜಿ ಆದಮ್ಯಾಲ ಕಾಣಸ್ತದೇನ ನಿನಗ?" ಎಂದು ಡಾಕ್ಟರಬಾಯಿ ಕೇಳಿದರು.

ಹುಡುಗಿ ನನ್ನ ಕಡೆ ನೋಡಿದಳು. "ಹೇಳವ್ವಾ" ಎಂದೆ.

"ಇಲ್ರಿ. ದೀಪಾವಳಿಯಿಂದ ಕಾಣಸವಲ್ತು." ಬಾಗಿಲ ಕಡೆ ಒಮ್ಮೆ ನೋಡಿ, "ನಾ ಒಬ್ಬಾಕೆ ಅಲ್ರಿ. ಹನ್ನೊಂದು ಮಂದಿ ಅದೇವಿ" ಎಂದಳು.

ಹನ್ನೊಂದು ಹುಡುಗಿಯರು ಹೊತ್ತು ಮುಳುಗಿದ ಮೇಲೆ ಕುರುಡರಾಗಿ ನನ್ನ ಕಣ್ಣೆದುರಿಗೇ ಓಡಾಡುತ್ತಿದ್ದರು. ಕಾಣುವವಳು ಮುಂದೆ, ಕಾಣದವಳು ಆಕೆಯ ಸೆರಗು ಹಿಡಿದು ಹಿಂದೆ. ಊಟದ ಮನೆಯಿಂದ ಮಲಗುವ ಕೋಣೆಗೆ ಎಷ್ಟು ಹೆಜ್ಜೆ, ಹೊಸ್ತಿಲು ಎಲ್ಲಿ, ಕಂಬ ಎಲ್ಲಿ, ಎಲ್ಲ ಲೆಕ್ಕ ಹಾಕಿ ಬಾಯಿಪಾಠ ಮಾಡಿಕೊಂಡಿದ್ದರು. ಬಯಲಿಗೆ ಹೋಗುವುದನ್ನು ಸೂರ್ಯ ಇರುವಾಗಲೇ ಮುಗಿಸುತ್ತಿದ್ದರು. ನಾನು ಅದನ್ನು ಪ್ರೀತಿ ಎಂದು ತಿಳಿದಿದ್ದೆ. 'ನಮ್ಮ ಹುಡುಗಿಯರು ಎಷ್ಟು ಅನ್ಯೋನ್ಯ, ಒಬ್ಬರ ಸೆರಗು ಒಬ್ಬರು ಬಿಡುವುದಿಲ್ಲ' ಎಂದು ಬೋರ್ಡಿಂಗಿನ ಕಮಿಟಿಯ ಕಾರ್ಯದರ್ಶಿಗಳ ಮುಂದೆ ಹೆಮ್ಮೆಪಟ್ಟು ಹೇಳಿದ್ದೆ ಕೂಡ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮನೀಗೆ ಕಳಸ್ತೀರಿ. ಕಣ್ಣಿಲ್ಲದಾಕಿಗೆ ಯಾರು ಸರ್ಟಿಫಿಕೇಟ್ ಕೊಡ್ತಾರ್ರಿ? ಮನ್ಯಾಗ ಲಗ್ನ ಮಾಡಾಕ ಕಾಯಾಕತ್ತಾರ."

ಭಯಕ್ಕೆ ಕಾರಣವಿತ್ತು. ಕೊನೆಯ ವರ್ಷದವರು ಯುಗಾದಿಯ ನಂತರ ಸರಕಾರಿ ಡಾಕ್ಟರರ ಮುಂದೆ ನಿಂತು ಆರೋಗ್ಯದ ಸರ್ಟಿಫಿಕೇಟು ಪಡೆಯಬೇಕಿತ್ತು. ಅದಿಲ್ಲದೆ ಶಾಲೆಯಲ್ಲಿ ಕೆಲಸವಿಲ್ಲ. ಈ ಹನ್ನೊಂದರಲ್ಲಿ ಏಳು ಮಂದಿ ಕೊನೆಯ ವರ್ಷದವರು.

ಡಾಕ್ಟರಬಾಯಿ ಕೈತೊಳೆದು ನನ್ನ ಎದುರು ಕುಳಿತರು. "ಏನ ಹಾಕ್ತೀರಿ ಊಟಕ್ಕ?"

ಹೇಳಿದೆ. ಎರಡು ಹೊತ್ತೂ ಅನ್ನ, ತಿಳಿಸಾರು, ಉಪ್ಪಿನಕಾಯಿ. ವಾರಕ್ಕೆ ಎರಡು ಸಲ ಬಟಾಟಿ ಪಲ್ಲೆ. ಮಜ್ಜಿಗೆ ಎಂಬ ಹೆಸರಿನ ಬಿಳಿ ನೀರು. ಬೆಳಿಗ್ಗೆ ಸಂಜೆ ಬೆಲ್ಲದ ಚಹಾ. ಹೇಳುತ್ತ ಹೋದಂತೆ ನನ್ನ ದನಿಯೇ ಇಳಿಯಿತು.

"ಅಕ್ಕಿ ಯಾವುದು?"

ಅದನ್ನು ತಂದು ತೋರಿಸಿದೆ. ಮಲ್ಲಿಗೆಯಂಥ ಬಿಳಿ ಅಕ್ಕಿ. ಹುಬ್ಬಳ್ಳಿಯಲ್ಲಿ ಗಿರಣಿ ಇಟ್ಟಿದ್ದ ಒಬ್ಬ ಸಾಹುಕಾರರು, ನಮ್ಮ ಕಮಿಟಿಯ ಸದಸ್ಯರು, ಪ್ರತಿ ತಿಂಗಳೂ ಧರ್ಮಾರ್ಥ ಕಳಿಸುತ್ತಿದ್ದರು. ಊಟದ ಮನೆಯ ಗೋಡೆಯಲ್ಲಿ ಅವರ ಹೆಸರಿನ ಕಲ್ಲು ಕೂಡಿಸಿದ್ದರು. ಹಳ್ಳಿಯ ಹುಡುಗಿಯರಿಗೆ ಎರಡು ಹೊತ್ತು ಅನ್ನ ಹಾಕುವ ಬೋರ್ಡಿಂಗ್ ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಇಲ್ಲವೆಂದು ಕಮಿಟಿಯವರು ಹೇಳಿಕೊಳ್ಳುತ್ತಿದ್ದರು.

ಡಾಕ್ಟರಬಾಯಿ ಅಕ್ಕಿಯನ್ನು ಬೆರಳಲ್ಲಿ ಉಜ್ಜಿ ಕೆಳಗೆ ಬಿಟ್ಟರು. "ಇದರಾಗ ಇದ್ದದ್ದೆಲ್ಲಾ ಗಿರಣ್ಯಾಗ ಉಳದದ. ಇವರಿಗೆ ಮೀನೆಣ್ಣಿ ಕೊಟ್ರ ಲಗೂನ ಗುಣ ಆಗತದ. ಕುಡಿತಾರೇನ್ರಿ?"

ಕುಡಿಯುವುದಿಲ್ಲ. ಹನ್ನೊಂದೂ ಮಂದಿಯನ್ನು ಕರೆಸಿ ಡಾಕ್ಟರಬಾಯಿ ತಮ್ಮ ಚೀಲದ ಶೀಸೆಯ ಬಿರಡೆ ತೆಗೆದ ಕೂಡಲೇ ಇಬ್ಬರು ಓಕರಿಸಿದರು. ಉಳಿದವರು ಕಣ್ಣು ಹೋದರೂ ಮೀನು ಮುಟ್ಟುವುದಿಲ್ಲ ಎಂದರು. ಹೆಬ್ಬಳ್ಳಿಯ ಹುಡುಗಿಯೂ ಹಾಗೆಯೇ ಅಂದಳು.

"ಹಂಗಾದ್ರ ಊಟದಿಂದನ ಆಗಬೇಕು. ತಡಾ ಆಗತದ. ಯುಗಾದಿಗೆ ಎರಡೂವರಿ ತಿಂಗಳ ಅದ. ತಪ್ಪಲ ಪಲ್ಲೆ ದಿನಾ ಎರಡು ಹೊತ್ತು, ಎಣ್ಣಿ ಹಾಕಿ. ಗಜ್ಜರಿ, ಕಾಳು, ಗಟ್ಟಿ ಮಜ್ಜಿಗಿ, ಆದಷ್ಟು ಬೆಣ್ಣಿ. ಮತ್ತ ಈ ಅಕ್ಕಿ ಬಿಟ್ಟು ಜ್ವಾಳ. ಒಂದು ದಿವಸಾನೂ ತಪ್ಪಬಾರದು ನೋಡ್ರಿ."

ಕಾರ್ಯದರ್ಶಿಗಳಿಗೆ ಚೀಟಿ ಕಳಿಸಿದೆ. ಅವರು ವಕೀಲರು, ಒಳ್ಳೆಯ ಭಾಷಣಕಾರರು. ಮರುದಿನ ಸಂಜೆ ಬಂದರು. ನಸುಗತ್ತಲೆಯಾಗುವ ತನಕ ಕಾದು, ಅಂಗಳದ ನಡುವೆ ಒಂದು ಕುರ್ಚಿ ಇಡಿಸಿದರು. ಕುರ್ಚಿಯ ಆಚೆ ತಾವು ನಿಂತು, ಹನ್ನೊಂದರಲ್ಲಿ ಒಬ್ಬಳನ್ನು ಕರೆದು, "ಬಾರವಾ ಇತ್ತ, ನೆಟ್ಟಗ ಬಾ" ಎಂದರು. ಹುಡುಗಿ ದನಿಯ ಕಡೆ ನಡೆದಳು. ಮೊಣಕಾಲು ಕುರ್ಚಿಗೆ ಬಡಿದು ಕುರ್ಚಿಯ ಸಂಗಡ ತಾನೂ ಉರುಳಿದಳು.

"ಖರೇ ಅದ" ಎಂದರು ಕಾರ್ಯದರ್ಶಿಗಳು. ಅವರ ದನಿಯಲ್ಲಿ ಒಂದು ಸಮಾಧಾನವಿತ್ತು, ಲೆಕ್ಕ ತಾಳೆಯಾದಂತೆ. ಇನ್ನೊಬ್ಬಳನ್ನು ಕರೆಯಲು ಕೈಯೆತ್ತಿದರು. ನಾನು ಕುರ್ಚಿ ಎತ್ತಿ ಒಳಗೆ ಒಯ್ದಿಟ್ಟೆ.

"ಹುಟ್ಟಾ ಕಣ್ಣಿನ ದೋಷ ಇದ್ದಾವರನ್ನ ಹೆಂಗ ಸೇರಿಸಿಕೊಂಡ್ರಿ ಬಾಯಾರ? ಇವರನ್ನ ಊರಿಗೆ ಕಳಸ್ರಿ. ಸರಕಾರಿ ಡಾಕ್ಟರ ಮುಂದ ನಮ್ಮ ಹೆಸರು ಕೆಡತದ."

"ಹುಟ್ಟಾ ದೋಷ ಅಲ್ರಿ. ನಮ್ಮ ಊಟದ್ದು."

"ಎರಡು ಹೊತ್ತು ಅನ್ನಾ ಹಾಕ್ತೇವಿ!"

"ಅದನ್ನ ಹೇಳಾಕತ್ತೇನ್ರಿ ನಾನೂ."

ಅವರಿಗೆ ಅರ್ಥವಾಗಲಿಲ್ಲ, ಅಥವಾ ಆಗಗೊಡಲಿಲ್ಲ. ಧರ್ಮಾರ್ಥ ಕೊಟ್ಟವರಿಗೆ ಅವಮಾನ ಮಾಡಬಾರದು, ಜೋಳದ ರೊಟ್ಟಿ ತಿನ್ನಲು ಹುಡುಗಿಯರು ಧಾರವಾಡಕ್ಕೆ ಬರಬೇಕಿರಲಿಲ್ಲ, ಕಳಿಸುವ ವಿಚಾರ ಕಮಿಟಿಯಲ್ಲಿ ಮಾಡೋಣ ಎಂದು ಹೇಳಿ ಟಾಂಗಾ ಹತ್ತಿದರು.

ಸಿಟ್ಟಿನಿಂದ ಮನೆಗೆ ನಡೆದೆ. ಆರು ವರ್ಷದ ಮಗಳು ಕಟ್ಟೆಯ ಮೇಲೆ ಕಂದೀಲಿನ ಬೆಳಕಿನಲ್ಲಿ ಕುಳಿತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದಳು. ಬಾಯಿಯ ಎರಡೂ ಮೂಲೆ ಒಡೆದು ಕೆಂಪಾಗಿದ್ದವು. ಹೆಚ್ಚು ಮಾತಾಡಿದ್ದರಿಂದ ಒಡೆದಿದೆ ಎಂದು ನಾವು ನಗುತ್ತಿದ್ದೆವು. ಹಿಂದಿನ ದಿನವಷ್ಟೇ ಡಾಕ್ಟರಬಾಯಿ ಬೋರ್ಡಿಂಗಿನ ಎಷ್ಟೋ ಹುಡುಗಿಯರ ಬಾಯಿಯ ಮೂಲೆ ಹೀಗೆಯೇ ಇದ್ದದ್ದನ್ನು ಬೆರಳಿಟ್ಟು ತೋರಿಸಿದ್ದರು.

ನಮ್ಮ ಮನೆಯಲ್ಲಿಯೂ ಅದೇ ಬೋರ್ಡಿಂಗ್ ನಡೆದಿತ್ತು. ನನ್ನ ಯಜಮಾನರಿಗೆ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕ ವರ್ಷದಿಂದ ಜೋಳ ಬಿಟ್ಟು ಅಕ್ಕಿಗೆ ಬಂದಿದ್ದೆವು. ಹಾಲು ಅವರ ಚಹಾಕ್ಕೆ, ಮೊಸರು ಅವರ ಅನ್ನಕ್ಕೆ. ಮಗಳಿಗೆ, ಅತ್ತೆಗೆ, ನನಗೆ ಉಳಿದದ್ದು. ಇದನ್ನು ಯಾರೂ ಒತ್ತಾಯದಿಂದ ನಡೆಸಿರಲಿಲ್ಲ. ಬಡಿಸುವವಳು ನಾನೇ.

ಅಂದೇ ಚಹಾಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿದೆ. ಯಜಮಾನರು ಕರೀ ಚಹಾ ನೋಡಿ ಕೇಳಿದರು, "ಹಾಲೆಲ್ಲೆ?"

"ಹುಡುಗಿಗೆ ಕೊಟ್ಟೇನ್ರಿ."

"ಮತ್ತ ನನಗ?"

"ನಿಮಗ ನಲವತ್ತಾತು. ನಿಮ್ಮ ಎಲುಬು ಬೆಳದು ಮುಗದಾವು."

ನಾಲ್ಕು ದಿನ ಮಾತಿಲ್ಲದೆ ಕರೀ ಚಹಾ ಕುಡಿದರು. ಐದನೆಯ ದಿನ ಗೌಳಿಗೆ ಇನ್ನೊಂದು ಪಾವು ಹಾಲು ಹಾಕಲು ತಾವೇ ಹೇಳಿದರು. ಅನ್ನ ಬಿಟ್ಟು ಮತ್ತೆ ಜೋಳದ ರೊಟ್ಟಿ ಸುರು ಮಾಡಿದ್ದಕ್ಕೆ ಮಾತ್ರ ಜಗಳ ಹೆಚ್ಚಾಯಿತು. "ಕಚೇರ್ಯಾಗ ಡಬ್ಬಿ ಬಿಚ್ಚಿದ್ರ ಮಂದಿ ನಗತಾರ" ಎಂದರು. "ನಗೂದಿಲ್ಲ, ಇಸಗೊಂಡು ತಿಂತಾರ" ಎಂದೆ. ಖರೇನೇ ಹಾಗಾಯಿತು, ಆದರೂ ನನ್ನೆದುರು ಅವರು ಒಪ್ಪಿಕೊಳ್ಳಲಿಲ್ಲ. ಅತ್ತೆಯಂತೂ ಎಲ್ಲರ ಜೊತೆ ಕುಳಿತು ಉಣ್ಣಿರಿ ಎಂದರೆ ಉಣ್ಣುವುದಿಲ್ಲ ಎಂದು ಹಟ ಹಿಡಿದರು. "ನನ್ನ ಗಂಗಾಳದ ಉಸಾಬರಿ ನಿನಗ ಬ್ಯಾಡ" ಎಂದರು. ಸಾಯುವವರೆಗೂ ಅವರು ಕೊನೆಗೇ ಉಂಡರು. ಅವರ ಪಾಲಿನ ಪಲ್ಲೆಯನ್ನು ಮೊದಲೇ ತೆಗೆದು ಮುಚ್ಚಿಡುವುದಷ್ಟೇ ನನ್ನಿಂದಾಯಿತು.

ಬೋರ್ಡಿಂಗಿನಲ್ಲಿ ಆ ವಾರ ಅಕ್ಕಿಯ ಚಕ್ಕಡಿ ಬರುವುದಿತ್ತು. ಅದರ ಹಿಂದಿನ ದಿನ ನಾನು ಹುಡುಗಿಯರ ಮನೆಗಳಿಗೆಲ್ಲ ಕಾರ್ಡು ಬರೆದೆ: ಕೈಲಾದಷ್ಟು ಜೋಳ, ಹೆಸರು, ಮಡಕಿ, ಶೇಂಗಾ ಕಳಿಸಿರಿ, ಪಟ್ಟಣದ ಧಾನ್ಯ ಚೆನ್ನಾಗಿಲ್ಲ. ಕಣ್ಣಿನ ಮಾತು ಬರೆಯಲಿಲ್ಲ. ಬರೆದರೆ ತಂದೆತಾಯಿ ಬಂದು ಕರೆದುಕೊಂಡು ಹೋಗುತ್ತಾರೆಂದು ಹುಡುಗಿಯರು ಕಾಲು ಹಿಡಿದಿದ್ದರು.

ಚಕ್ಕಡಿ ಬಂತು. ಹಮಾಲ ಮೊದಲ ಚೀಲ ಇಳಿಸಲು ಬೆನ್ನು ಕೊಟ್ಟಿದ್ದ. ಉಗ್ರಾಣದ ಕೀಲಿಕೈ ನನ್ನ ಸೊಂಟದಲ್ಲಿತ್ತು. ಕಮಿಟಿ ಸೇರುವವರೆಗೆ ಕಾಯಬಹುದಿತ್ತು. ಸೇರುವುದು ಮುಂದಿನ ತಿಂಗಳು. ಆ ಒಂದು ತಿಂಗಳು ನನ್ನದಾಗಿರಲಿಲ್ಲ, ಹುಡುಗಿಯರದಾಗಿತ್ತು.

"ಇಳಸಬ್ಯಾಡಪಾ. ಹೊಳ್ಳಿ ಒಯ್ಯಿ" ಎಂದೆ.

"ಧಣ್ಯಾರಿಗೆ ಏನ ಹೇಳ್ಲಿರಿ ಬಾಯಾರ?"

ಚೀಟಿ ಬರೆದುಕೊಟ್ಟೆ: 'ಈ ಅಕ್ಕಿಯಿಂದ ಹುಡುಗಿಯರ ಕಣ್ಣು ಹೋಗುತ್ತಿವೆ. ಕೊಡುವ ಮನಸ್ಸಿದ್ದರೆ ಜೋಳ ಕೊಡಿರಿ.' ಅಕ್ಕಿಯೊಂದರಿಂದಲೇ ಅಲ್ಲ, ಜೊತೆಗೆ ಏನೂ ಹಾಕದೆ ಇದ್ದದ್ದರಿಂದ ಎಂಬುದು ಗೊತ್ತಿತ್ತು. ಅಷ್ಟು ನಾಜೂಕಾಗಿ ಬರೆಯುವ ಮನಃಸ್ಥಿತಿಯಲ್ಲಿ ನಾನಿರಲಿಲ್ಲ.

ಎರಡು ದಿನದಲ್ಲಿ ಕಾರ್ಯದರ್ಶಿಗಳ ಪತ್ರ ಬಂತು. ಪರೀಕ್ಷೆಯ ತನಕ ಬೇರೆ ವ್ಯವಸ್ಥೆ ಆಗಲಾರದ ಕಾರಣ ಮುಂದುವರಿಯಬೇಕು, ಬಳಿಕ ಕೆಲಸ ಬಿಡಬೇಕು. ಅದನ್ನು ಮಡಚಿ ಉಗ್ರಾಣದ ಗೂಡಿನಲ್ಲಿಟ್ಟು ಒಲೆಯ ಕಡೆ ಹೋದೆ.

ಒಲೆಯ ಮುಂದಿನ ಕೆಲಸ ನಾನು ತಿಳಿದಷ್ಟು ಸುಲಭವಿರಲಿಲ್ಲ. ಮೊದಲ ದಿನ ತಿಂಗಳ ಖರ್ಚಿನ ದುಡ್ಡಿನಿಂದ ಅಂಗಡಿಯ ಜೋಳದ ಹಿಟ್ಟು, ಜೊತೆಗೆ ರಾಜಗಿರಿ, ಮೆಂತೆ, ಹಕ್ಕರಕಿಯ ತಪ್ಪಲು ಸೂಡುಗಟ್ಟಲೆ ತರಿಸಿದೆ. ಅಡಿಗೆಯಾಕೆ ಅದನ್ನು ಕುದಿಸಿ, ಹಸಿರು ನೀರನ್ನೆಲ್ಲ ಬಸಿದು ಮೋರಿಗೆ ಚೆಲ್ಲಿ, ಹಿಂಡಿದ ಸೊಪ್ಪನ್ನು ಬಡಿಸಿದಳು. ಬೇಳೆ ಬೇಗ ಬೇಯಲೆಂದು ಸೋಡಾ ಹಾಕುವ ಚಟವಿತ್ತು ಆಕೆಗೆ. ಡಾಕ್ಟರಬಾಯಿ ಅದು ಕೂಡದು ಎಂದಿದ್ದರು. ಸೋಡಾದ ಡಬ್ಬಿ ಎತ್ತಿಟ್ಟೆ. "ನನ್ನ ಕೈಯಾಗ ಉಂಡು ಎಷ್ಟು ಮಂದಿ ಸಾಲಿ ಬಾಯಾರಾಗಿ ಹೋಗ್ಯಾರ, ನಿಮಗೇನ ಗೊತ್ತು?" ಎಂದಳು. ನೂರಿಪ್ಪತ್ತು ರೊಟ್ಟಿ ಬಡಿಯಬೇಕೆಂದ ದಿನ ಸೀರೆಯ ಗಂಟು ಕಟ್ಟಿಕೊಂಡು ಹೊರಟೇಹೋದಳು.

ಮೂರು ಒಲೆ, ಮೂರು ಹಂಚು. ದಿನಕ್ಕೆ ಆರು ಹುಡುಗಿಯರ ಪಾಳಿ ಹಾಕಿದೆ: ಇಬ್ಬರು ನಾದಲು, ಇಬ್ಬರು ಬಡಿಯಲು, ಇಬ್ಬರು ಬೇಯಿಸಲು. ಒಬ್ಬ ಹಿರಿಯ ಹುಡುಗಿ ಎದುರು ನಿಂತು, "ರೊಟ್ಟಿ ಬಡಿಯೂದು ತಪ್ಪಲಿ ಅಂತನ ಸಾಲೀಗೆ ಬಂದೇವ್ರಿ ಅಕ್ಕಾರ" ಎಂದಳು. ಆಕೆ ಅಂದದ್ದು ಸರಿಯಾಗಿತ್ತು. ಮೊದಲ ಪಾಳಿಗೆ ನಾನೇ ಕುಳಿತೆ. ಹಿಟ್ಟು ಹಳತು, ಎಷ್ಟು ಬಿಸಿನೀರು ಹಾಕಿ ನಾದಿದರೂ ರೊಟ್ಟಿಯ ಅಂಚು ಸೀಳುತ್ತಿತ್ತು. ಆ ದಿನ ಮಧ್ಯಾಹ್ನದ ಊಟ ಶಾಲೆಯ ಗಂಟೆ ಹೊಡೆದ ಮೇಲೆ ಆಯಿತು. ಶಾಲೆಯವರಿಂದಲೂ ಒಂದು ದೂರು ಬಂತು. ಅಂದಿನಿಂದ ಎರಡು ದಿನಕ್ಕೊಮ್ಮೆ ಹಿಟ್ಟು ಬೀಸಿಸಿದೆ, ಸಂಜೆಗೆ ರೊಟ್ಟಿ ಬಿಟ್ಟು ಜೋಳದ ನುಚ್ಚು, ಮಜ್ಜಿಗೆ ಇಟ್ಟೆ.

ಇಷ್ಟಾದರೂ ಪಲ್ಲೆ ಗಂಗಾಳದ ಅಂಚಿನಲ್ಲಿ ಉಳಿಯುತ್ತಿತ್ತು. ಪಾಳಿ ಸುರುವಾದ ಮೂರನೆಯ ದಿನ ನನ್ನ ತಾಳ್ಮೆ ಹೋಯಿತು. ಪಲ್ಲೆ ಮುಗಿಸದೆ ಯಾರೂ ಏಳಕೂಡದು ಎಂದು ಬಾಗಿಲಲ್ಲಿ ನಿಂತೆ. ಒಬ್ಬಳು ಅಳುತ್ತ ನುಂಗಿ ಅಲ್ಲೇ ವಾಂತಿ ಮಾಡಿದಳು. ನಾಲ್ಕು ಮಂದಿ ಮರುದಿನ ಊಟಕ್ಕೇ ಬರಲಿಲ್ಲ. ಕಾರ್ಯದರ್ಶಿಗಳ ಕುರ್ಚಿಗೂ ನನ್ನ ಈ ಬಾಗಿಲಿಗೂ ಏನು ವ್ಯತ್ಯಾಸ ಎಂದು ನನ್ನನ್ನೇ ಬೈದುಕೊಂಡೆ.

ಹೆಬ್ಬಳ್ಳಿಯ ಹುಡುಗಿ, ಕೈಗೆ ಪಟ್ಟಿ ಇದ್ದದ್ದರಿಂದ ಪಾಳಿ ಇಲ್ಲದವಳು, ಅಡಿಗೆಮನೆಯ ಕಟ್ಟೆಗೆ ಬಂದು ಕುಳಿತಳು. "ಪಲ್ಲೆ ಬ್ಯಾರೆ ಮಾಡಬ್ಯಾಡ್ರಿ ಅಕ್ಕಾರ. ಬ್ಯಾಳ್ಯಾಗ ಕೂಡಿಸಿ ಬಳ್ಳೊಳ್ಳಿ ಒಗ್ಗರಣಿ ಕೊಡ್ರಿ, ಕುಸುಬಿ ಎಣ್ಯಾಗ. ಮೆಂತೆ ಕುದಸೂದ ಬ್ಯಾಡ, ಹಸೀದು ತೊಳದು ಇಡ್ರಿ, ಶೇಂಗಾದ ಹಿಂಡಿ ಹಚ್ಚಿಕೊಂಡು ತಿಂತಾರ. ನಮ್ಮವ್ವ ಹಂಗ ಮಾಡ್ತಾಳ."

ಹಾಗೆಯೇ ಮಾಡಿದೆವು. ಮೊದಲ ಸಲ ಪಾತ್ರೆಯ ತಳ ಕಂಡಿತು. ಆಮೇಲೆ ಗಜ್ಜರಿ ಕೊಚ್ಚಿ ಮೊಸರಿನಲ್ಲಿ, ಮೊಳಕೆ ಬಂದ ಮಡಕಿ ಕಾಳು, ಗುರೆಳ್ಳಿನ ಹಿಂಡಿ, ಒಬ್ಬೊಬ್ಬ ಹುಡುಗಿ ತನ್ನ ತಾಯಿಯ ಕೈಯಡಿಗೆ ನೆನಪಿಸಿಕೊಂಡು ಹೇಳತೊಡಗಿದಳು. ಊರುಗಳಿಂದ ಚೀಲ ಬಂದವು. ಹೆಬ್ಬಳ್ಳಿಯ ಚೀಲವೇ ಎಲ್ಲಕ್ಕಿಂತ ದೊಡ್ಡದು.

ಐದನೆಯ ವಾರ, ದೀಪ ಹಚ್ಚುವ ಮೊದಲು, ಪ್ರಾರ್ಥನೆಯ ಕೋಣೆಯಲ್ಲಿ ಕುಳಿತಿದ್ದೆ. ಕುರ್ಚಿಗೆ ಬಡಿದು ಬಿದ್ದಿದ್ದ ಹುಡುಗಿ ನನ್ನ ಕಡೆ ನೋಡುತ್ತ ಮೆಲ್ಲಗೆ ಅಂದಳು: "ಅಕ್ಕಾರ, ನಿಮ್ಮ ಸೀರಿ ಅಂಚು ಕೆಂಪ ಐತಲ್ರಿ." ಆ ದಿನ ನಾನು ಅತ್ತುಬಿಟ್ಟೆ.

ಮರುವಾರವೇ ಹೆಬ್ಬಳ್ಳಿಯ ಹುಡುಗಿಯ ಎಡಗಣ್ಣು ಕೆಂಪಾಗಿ ನೋಯತೊಡಗಿತು. ಬೆಳಕು ನೋಡಲಾರದೆ ಸೆರಗು ಮುಚ್ಚಿಕೊಂಡು ಕೂಡುತ್ತಿದ್ದಳು. ಶ್ರಾವಣದಲ್ಲಿ ಆಕೆಗೆ ಬಹಳ ದಿನ ಹೊಟ್ಟೆ ಕೆಟ್ಟಿತ್ತು. ಮೈಯಲ್ಲಿದ್ದ ಸತ್ತ್ವ ಆಗಲೇ ಬರಿದಾಗಿರಬೇಕು, ಉಳಿದವರಿಗೆ ಸಾಕಾದ ಊಟ ಆಕೆಗೆ ಸಾಲಲಿಲ್ಲ ಎಂದರು ಡಾಕ್ಟರಬಾಯಿ. ಆಸ್ಪತ್ರೆಗೆ ಒಯ್ದೆವು. ಅಲ್ಲಿ ಆಕೆ ಯಾರನ್ನೂ ಕೇಳದೆ ಮೀನೆಣ್ಣೆಯ ಶೀಸೆ ತೆಗೆದುಕೊಂಡು ಕುಡಿದಳು, ಮೂಗು ಮುಚ್ಚದೆ. ಬಲಗಣ್ಣು ಉಳಿಯಿತು. ಎಡಗಣ್ಣಲ್ಲಿ ಬಿಳಿ ಹೂ ಬಿದ್ದು ನೋಟ ಹೋಯಿತು.

ಯುಗಾದಿಯ ನಂತರ ಸರಕಾರಿ ಡಾಕ್ಟರರ ಮುಂದೆ ಏಳು ಮಂದಿ ನಿಂತರು. ಆರು ಮಂದಿಗೆ ಸರ್ಟಿಫಿಕೇಟು ಸಿಕ್ಕಿತು. ಹೆಬ್ಬಳ್ಳಿಯ ಹುಡುಗಿಯ ಕಾಗದದ ಮೇಲೆ 'ಅಯೋಗ್ಯ' ಎಂದು ಬರೆದರು. ಪರೀಕ್ಷೆಯಲ್ಲಿ ಆರೂ ಮಂದಿಗಿಂತ ಆಕೆಗೇ ಹೆಚ್ಚು ಅಂಕ ಬಂದಿದ್ದವು.

ಆ ವರ್ಷದ ವರದಿಯನ್ನು ಕಾರ್ಯದರ್ಶಿಗಳು ಸಭೆಯಲ್ಲಿ ಓದಿದರು. ಕಮಿಟಿಯವರು ದೂರದೃಷ್ಟಿಯಿಂದ ಬೋರ್ಡಿಂಗಿನ ಆಹಾರವನ್ನು ಸುಧಾರಿಸಿದ್ದಾರೆ, ಹುಡುಗಿಯರ ಆರೋಗ್ಯ ಉತ್ತಮವಾಗಿದೆ ಎಂದು ಅದರಲ್ಲಿತ್ತು. ಚಪ್ಪಾಳೆಯಾಯಿತು. ಹಾಗೆ ಓದಿದ ಮೇಲೆ ನನ್ನನ್ನು ಬಿಡಿಸಲು ಅವರಿಗೆ ಬಾಯಿ ಬರಲಿಲ್ಲ, ನನ್ನ ಕೆಲಸ ಉಳಿಯಿತು. ಗಿರಣಿಯ ಅಕ್ಕಿ ನಿಲ್ಲಲಿಲ್ಲ; ಗಂಡುಹುಡುಗರ ಬೋರ್ಡಿಂಗಿಗೆ ಹೋಗತೊಡಗಿತು. ಅಲ್ಲಿಯವರಿಗೆ ಎರಡು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಬೇಸಿಗೆಯ ಸೂಟಿಯಲ್ಲಿ ಹೆಬ್ಬಳ್ಳಿಗೆ ಹೋದೆ. ಹುಡುಗಿಯನ್ನು ಊರಿಗೆ ಕಳಿಸುವಾಗ ಸಂಗಡ ಹೋಗುವ ಧೈರ್ಯ ನನಗಾಗಿರಲಿಲ್ಲ. ಹುಡುಗಿ ಬಾಗಿಲಲ್ಲಿ ನಿಂತು ಬಲಗಣ್ಣು ತಿರುಗಿಸಿ ನನ್ನನ್ನು ಗುರುತು ಹಿಡಿದು, ಚಾಪೆ ಹಾಸಿ ಒಳಗೆ ಹೋದಳು. ಕೆಲಸದ ಮಾತು ಹೋಗಿತ್ತು, ಲಗ್ನದ ಮಾತೂ ಮುರಿದಿತ್ತು. ತಾಯಿ ಎದುರು ಬಂದು ಕುಳಿತಳು. ಆಕೆ ಬೈಯುತ್ತಾಳೆಂದು ತಯಾರಾಗಿ ಹೋಗಿದ್ದೆ.

"ಇಲ್ಲಿದ್ದಾಗ ಆಕಿ ಕಣ್ಣು ಛಲೋ ಇದ್ವುರಿ ಬಾಯಾರ" ಎಂದಳು. "ಕತ್ತಲ್ಯಾಗ ಸೂಜಿ ಪೋಣಸ್ತಿದ್ಲು. ನಿಮ್ಮಲ್ಲೆ ಏನ ತಿನಸಿದ್ರಿ?"

ಕಾರ್ಡಿನಲ್ಲಿ ಬರೆಯದೆ ಮುಚ್ಚಿಟ್ಟದ್ದನ್ನು ಆಗ ಹೇಳಿದೆ. ಎರಡು ಹೊತ್ತೂ ಬಿಳಿ ಅನ್ನ, ತಿಳಿಸಾರು, ಮತ್ತೇನೂ ಇಲ್ಲ; ಅದರಿಂದಲೇ ಹೀಗಾಯಿತು; ನಮಗೆ ತಿಳಿದದ್ದು ತಡವಾಗಿ ಎಂದೆ.

ಆಕೆ ಬೈಯಲಿಲ್ಲ. ನಾನು ಹೇಳಿದ್ದನ್ನು ನಂಬಲಾರದವಳಂತೆ ನನ್ನ ಮುಖ ನೋಡಿದಳು.

"ಅನ್ನಾ? ಅನ್ನಾ ಅಂದ್ರ ನಾವು ಹಬ್ಬಕ್ಕ ಮಾಡ್ತೇವ್ರಿ. ನನ್ನ ಮಗಳು ಧಾರವಾಡದಾಗ ದಿನಾ ಅನ್ನಾ ಉಣ್ತಾಳ, ಆಕಿಗೆ ದಿನಾ ಹಬ್ಬ ಅಂತ ಓಣಿ ತುಂಬ ಹೇಳಕೋತ ಅಡ್ಡಾಡಿದ್ನಲ್ರೀ!"